ನಕ್ಷೆಯಲ್ಲಿ ಪಾರ್ಕ್, ಜಾಗದಲ್ಲಿ ಜೆಸಿಬಿ. ಎಲ್ಲಿಂದ ಶುರು ಮಾಡೋದು?

ಸೈಟ್‌ನಂಬರ್47
ಭಾನುವಾರ, ಬೆಳಗ್ಗೆ 8:10

ಎಲ್ಲರಿಗೂ ನಮಸ್ಕಾರ. ಊರ ಹೆಸರು ಸದ್ಯಕ್ಕೆ ಬೇಡ, ತುಮಕೂರು ರೋಡಲ್ಲಿ ಬೆಂಗಳೂರಿಂದ ಒಂದೂವರೆ ಗಂಟೆ ಅಂದ್ಕೊಳ್ಳಿ. 2016ರಲ್ಲಿ ಒಂದು ಪ್ರೈವೇಟ್ ಲೇಔಟಲ್ಲಿ 30×40 ಅಡಿಯ ಸೈಟ್ ತಗೊಂಡು ಮನೆ ಕಟ್ಟಿದ್ವಿ. ಒಟ್ಟು 12 ಎಕರೆ 10 ಗುಂಟೆ, 196 ಸೈಟು. ನಕ್ಷೆಯಲ್ಲಿ 49 ಗುಂಟೆಗೆ ಹಸಿರು ಬಳಿದು ಪಾರ್ಕ್ ಅಂತ ಬರೆದಿದಾರೆ. ಅದರಲ್ಲಿ ದೊಡ್ಡ ತುಂಡು 28 ಗುಂಟೆ, ಹಳ್ಳಿಯ ಗುಂಡುತೋಪಿಗೆ (ಊರಿನ ಮರಗಳ ತೋಪು) ಅಂಟಿಕೊಂಡಿದೆ. ಮಿಕ್ಕಿದ್ದು ಎರಡು ಚೂರು. ಒಂದು ಹೈಟೆನ್ಷನ್ ಲೈನ್ ಕೆಳಗೆ, ಇನ್ನೊಂದು ತ್ರಿಕೋನ, ಅದರಲ್ಲಿ ಒಂದು ಎಮ್ಮೆ ತಿರುಗಿ ನಿಲ್ಲೋಕೂ ಜಾಗ ಇಲ್ಲ.

ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದ್ರೆ ಆ 28 ಗುಂಟೆಯಲ್ಲಿ ಜೆಸಿಬಿ. ಲಂಟಾನ ಎಲ್ಲ ಕೆರೆದು ಮಟ್ಟ ಮಾಡಿದಾರೆ. ತೋಪಿನ ಅಂಚಿನ ಎರಡು ಹೊಂಗೆ ಮರ ಬೇರು ಮೇಲೆ ಮಾಡ್ಕೊಂಡು ಮಲಗಿವೆ. ಯಾರು ಹೇಳಿದ್ದಪ್ಪಾ ಅಂದ್ರೆ ಡ್ರೈವರ್ "ನಂಗೇನ್ ಗೊತ್ತು ಸಾರ್, ಗಂಟೆ ಲೆಕ್ಕ" ಅಂದ. ಶನಿವಾರ ಬೆಳಗ್ಗೆ ನೋಡಿದ್ರೆ ಸುಣ್ಣದಲ್ಲಿ ಗೆರೆ ಎಳೆದು ನಂಬರ್ ಹಾಕಿದಾರೆ. 197ರಿಂದ 216.

ನಮ್ಮ ಮಕ್ಕಳು ಕ್ರಿಕೆಟ್ ಆಡ್ತಿದ್ದ ಜಾಗ ಅದು. ಯಾರ ಹತ್ರ ಹೋಗ್ಬೇಕು, ಏನು ಕಾಗದ ಕೇಳ್ಬೇಕು ಗೊತ್ತಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ರಾಗಿಮುದ್ದೆ
ಭಾನುವಾರ, 8:22

ನಿಮಗೆ ನಕ್ಷೆಯಲ್ಲಾದ್ರೂ ಇದೆ. ನಮ್ಮದು ಬ್ರೋಷರ್‌ನಲ್ಲಿ ಮಾತ್ರ ಇತ್ತು, ಜೊತೆಗೆ ಒಂದು ಕಾರಂಜಿ, ಎರಡು ಹಂಸ.

ಕರಿಬೇವು
ಭಾನುವಾರ, 8:41

ರೂಲ್ ಪ್ರಕಾರ ಶೇ. 15 ಪಾರ್ಕ್ ಬಿಡಲೇಬೇಕು. 12 ಎಕರೆಗೆ 49 ಗುಂಟೆ ಅಂದ್ರೆ ಶೇ. 10. ಮೊದಲನೇ ಮೋಸ ಅಲ್ಲೇ ಆಗಿದೆ ನೋಡಿ.

ಹಳೇ ಪಹಣಿ
ಭಾನುವಾರ, 9:30

ಕರಿಬೇವು ಅವರೇ, ಅವಸರ ಮಾಡಬೇಡಿ. ಶೇ. 15 ಪಾರ್ಕ್ ಮತ್ತು ಆಟದ ಮೈದಾನ, ಅದರ ಮೇಲೆ ಶೇ. 10 ನಾಗರಿಕ ಸೌಲಭ್ಯದ ಜಾಗ ಅನ್ನೋದು 1976ರ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯಲ್ಲಿ ಬಿಡಿಎ ತಾನೇ ಮಾಡೋ ಬಡಾವಣೆಗೆ ಇರುವ ಲೆಕ್ಕ. ಇವರದು ತುಮಕೂರು ರೋಡಿನ ಖಾಸಗಿ ಲೇಔಟು. ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆಯಲ್ಲಿ ಎಷ್ಟಿದೆಯೋ ಅದು ಇವರ ಹಕ್ಕು. ಅದನ್ನು ಹಿಡ್ಕೊಂಡರೆ ಸಾಕು.

47 ಅವರಿಗೆ: ನಾನು ಕಂದಾಯ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಮೊದಲು ಜಗಳ ಬೇಡ, ಕಾಗದ ಕೂಡಿಸಿ. ನಿಮ್ಮ ಹತ್ರ ಇರೋದು ಏಜೆಂಟ್ ಕೊಟ್ಟ ಬಣ್ಣದ ಜೆರಾಕ್ಸು. ಅದು ಪ್ರಯೋಜನಕ್ಕೆ ಬರಲ್ಲ. ಪ್ರಾಧಿಕಾರದ ಸೀಲು, ಮಂಜೂರಾತಿ ನಂಬರ್ ಇರುವ ನಕ್ಷೆಯ ದೃಢೀಕೃತ ಪ್ರತಿ ಬೇಕು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಅದರಲ್ಲೇ ಇನ್ನೊಂದು ಕೇಳಿ: ಪಾರ್ಕ್, ರಸ್ತೆ, ನಾಗರಿಕ ಸೌಲಭ್ಯದ ಜಾಗವನ್ನು ಡೆವಲಪರ್ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ರಿಲಿಂಕ್ವಿಷ್‌ಮೆಂಟ್ ಡೀಡ್. ಅದು ನೋಂದಣಿ ಆಗಿದ್ರೆ ಆ ಜಾಗ ಅವನದ್ದೇ ಅಲ್ಲ, ಮಾರೋಕೆ ಬರಲ್ಲ. ಬಹಳ ಕಡೆ ನಡೆಯೋ ಆಟ ಏನು ಗೊತ್ತಾ? ಡೀಡ್ ಮಾಡಿಸಿ ಸೈಟು ರಿಲೀಸ್ ಮಾಡಿಸ್ಕೊಳ್ಳೋದು, ಪಂಚಾಯಿತಿ ರಿಜಿಸ್ಟರ್‌ನಲ್ಲಿ ಮಾತ್ರ ಪಾರ್ಕಿನ ಖಾತೆ ಬದಲಾಗದ ಹಾಗೆ ನೋಡ್ಕೊಳ್ಳೋದು. ಐದು ವರ್ಷ ಸುಮ್ಮನಿದ್ದು ಆಮೇಲೆ ಹಳೇ ಖಾತೆ ಇಟ್ಕೊಂಡು ಮಾರೋದು. ಕೊಳ್ಳೋನು ಪಂಚಾಯಿತಿ ಕಾಗದ ನೋಡ್ತಾನೆ, ಪ್ರಾಧಿಕಾರದ ಕಾಗದ ನೋಡಲ್ಲ.

ಮೂರನೆಯದು, ತೋಪು. ಗುಂಡುತೋಪಿನ ಸರ್ವೆ ನಂಬರ್ ಎಷ್ಟು? ಅದರ ಪಹಣಿ ತೆಗೆಸಿ. ಗ್ರಾಮ ನಕ್ಷೆ, ಆಕಾರ್ ಬಂದ್ (ಸರ್ವೆ ನಂಬರಿನ ಮೂಲ ವಿಸ್ತೀರ್ಣ ಬರೆದಿರೋ ದಾಖಲೆ) ಎರಡೂ ಬೇಕು. ನನಗೆ ಯಾಕೋ ಆ 28 ಗುಂಟೆ ತೋಪಿಗೆ ಅಂಟಿಕೊಂಡಿರೋದೇ ಅನುಮಾನ.

ಊರಹಬ್ಬ
ಭಾನುವಾರ, 10:05

ಪಾರ್ಕ್ ಪಾರ್ಕ್ ಅಂತೀರ, ಮಾಡಿದ ಮೇಲೆ ಅಲ್ಲಿ ಕೂರೋರು ಯಾರು? ಬೆಳಗ್ಗೆ ನಾಲ್ಕು ಜನ ಶುಗರ್ ಪೇಷಂಟು, ರಾತ್ರಿ ಬಾಟ್ಲಿ. ನಮ್ಮ ಲೇಔಟಲ್ಲಿ ಪಾರ್ಕ್ ಜಾಗದಲ್ಲಿ ಗಣಪತಿ ದೇವಸ್ಥಾನ ಕಟ್ಟಿದ್ವಿ, ಎಲ್ಲರೂ ಚಂದಾ ಹಾಕಿ. ಅವತ್ತಿಂದ ಒಬ್ಬನೂ ಆ ಜಾಗದ ತಂಟೆಗೆ ಬಂದಿಲ್ಲ. ದೇವರಿಗಿಂತ ಒಳ್ಳೆ ಕಾಂಪೌಂಡ್ ಇಲ್ಲ ಸ್ವಾಮಿ.

ತೆಂಗಿನಗರಿ
ಭಾನುವಾರ, 10:11

ದೇವರು ಬಂದ್ರು ಸರಿ. ಪಾರ್ಕ್ ಎಲ್ಲಿ ಹೋಯ್ತು?

ಊರಹಬ್ಬ
ಭಾನುವಾರ, 10:14

ಸುತ್ತ ತುಳಸಿ ಹಾಕಿದೀವಿ.

ಕೋರ್ಟುಕಚೇರಿ
ಭಾನುವಾರ, 11:20

ಊರಹಬ್ಬದವರು ಹೇಳಿದ್ದಕ್ಕೆ ಸುಪ್ರೀಂ ಕೋರ್ಟ್ 1991ರಲ್ಲೇ ಉತ್ತರ ಕೊಟ್ಟಾಗಿದೆ, ಅದೂ ನಮ್ಮ ಬೆಂಗಳೂರಿನ ಕೇಸಲ್ಲೇ. ಬೆಂಗಳೂರು ಮೆಡಿಕಲ್ ಟ್ರಸ್ಟ್ ವರ್ಸಸ್ ಮುದ್ದಪ್ಪ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಅಂದ್ರೆ ಸದಾಶಿವನಗರದ ಕಡೆ, ಪಾರ್ಕಿಗೆ ಅಂತ ಇಟ್ಟ ಜಾಗವನ್ನ ಆಸ್ಪತ್ರೆ ಕಟ್ಟೋಕೆ ಒಂದು ಟ್ರಸ್ಟಿಗೆ ಕೊಟ್ಟಿದ್ರು. ಸರ್ಕಾರದಿಂದಲೇ ಸೂಚನೆ ಹೋಗಿತ್ತು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದ್ರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು, ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಗಿ ಅಲ್ಲೂ ಸೋತಿತು.

ಆಸ್ಪತ್ರೆ ಒಳ್ಳೇದಲ್ವಾ ಅನ್ನೋ ವಾದ ನಿಲ್ಲಲಿಲ್ಲ. ಆಸ್ಪತ್ರೆ ಬೇಕು, ಆದ್ರೆ ಪಾರ್ಕಿನ ಜಾಗದಲ್ಲಿ ಬೇಡ. ಆ ಬಡಾವಣೆಯಲ್ಲಿ ವಾಸ ಮಾಡೋರಿಗೆ ಪಾರ್ಕಿಗಾಗಿ ಕೋರ್ಟಿಗೆ ಹೋಗೋ ಹಕ್ಕಿದೆ ಅನ್ನೋದೂ ಅದರಲ್ಲೇ ಇತ್ಯರ್ಥ ಆಯ್ತು. 47 ಅವರೇ, ನಿಮ್ಮನ್ನ "ನೀವ್ಯಾರ್ರೀ ಕೇಳೋಕೆ" ಅಂದ್ರೆ ಈ ಕೇಸಿನ ಹೆಸರು ಹೇಳಿ.

ಇನ್ನು ದೇವಸ್ಥಾನದ ವಿಷಯ. ಬಿಡಿಎ ಕಾಯ್ದೆಯಲ್ಲಿ ನಾಗರಿಕ ಸೌಲಭ್ಯದ ಸೈಟು ಅಂತ ಬೇರೆ ಇದೆ, ಅದನ್ನ ಧಾರ್ಮಿಕ, ಶೈಕ್ಷಣಿಕ ಉದ್ದೇಶಕ್ಕೆ ಗುತ್ತಿಗೆಗೆ ಕೇಳಬಹುದು. ಪಾರ್ಕನ್ನಲ್ಲ. 1985ರಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೇ ಅಂತ ರಾಜ್ಯದಲ್ಲಿ ಒಂದು ಕಾಯ್ದೆ ಬಂತು. ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಮಾಡ್ಬೇಕು ಅನ್ನೋದೇ ಅದರ ಜೀವ. ನಿಮ್ಮೂರಲ್ಲಿ ಆ ಪಟ್ಟಿ ಇದೆಯಾ ಅಂತ ಕೇಳಿ ನೋಡಿ, ಮುಖ ನೋಡೋ ಹಾಗಿರತ್ತೆ.

ಧಾರ್ವಾಡದಾಂವ
ಭಾನುವಾರ, 12:02

ನಮ್ಮ ಕಡೆನೂ ಇದ ಹಾಡ್ರಿ. ಪಾರ್ಕ್ ಅಂತ ತೋರ್ಸಿದ್ದು ಹಳ್ಳದ ದಂಡಿ. ಮಳಿಗಾಲದಾಗ ಅಲ್ಲಿ ನೀರು, ಬ್ಯಾಸಗಿಯೊಳಗ ಮುಳ್ಳು. ಯಾಕ್ರೀ ಹಿಂಗ ಅಂದ್ರ "ನೈಸರ್ಗಿಕ ಪರಿಸರ ಐತಿ" ಅಂದ ಬಿಲ್ಡರ್. ಸೈಟ್ ಹಾಕಾಕ ಬರಲಾರದ ಜಾಗಕ್ಕ ಇವರು ಪಾರ್ಕ್ ಅಂತ ಹೆಸರಿಡ್ತಾರ. ಹೈಟೆನ್ಷನ್ ತಂತಿ ಬುಡಕ್ಕ ಮನಿ ಕಟ್ಟೂ ಹಂಗಿಲ್ಲ, ಹಂಗಾಗಿ ಪಾರ್ಕ್. ತಿಪ್ಪಿ ಇತ್ತಾ, ಪಾರ್ಕ್. ಸ್ಮಶಾನಕ್ಕ ಹೊಂದಿ ಐತಾ, ಪಾರ್ಕ್.

ತ್ರಿಕೋನ ಪಾರ್ಕಿನಾಗ ನಮ್ಮವರು ಒಂದ ಬೆಂಚ್ ಹಾಕ್ಯಾರ. ಒಬ್ರು ಕುಂತ್ರ ಇನ್ನೊಬ್ರು ನಿಂದರಬೇಕು.

ಮೂರೆಕ್ರೆ
ಭಾನುವಾರ, 1:15

ಎಲ್ಲ ಓದಿದೆ. ನಿಮಗೆ ಬೇಜಾರಾದ್ರೂ ಹೇಳ್ತೀನಿ. ನಾನು ರೈತ. ನನ್ನ ಮೂರು ಎಕರೆ ಮಾಸ್ಟರ್ ಪ್ಲಾನಲ್ಲಿ ಹಸಿರು ವಲಯ. ಪಕ್ಕದ ಜಮೀನು ಹಳದಿ, ಅಂದ್ರೆ ಮನೆ ಕಟ್ಟಬಹುದಾದ ವಲಯ. ಅವನದ್ದು ಎಕರೆಗೆ ಕೋಟಿಗಳಲ್ಲಿ ಹೋಯ್ತು, ಮಗಳ ಮದುವೆ ಮಾಡ್ದ, ಕಾರು ತಗೊಂಡ. ನಾನು ಇನ್ನೂ ರಾಗಿ ಬಿತ್ತಿ ಹಂದಿ ಕಾಯ್ತಾ ಇದೀನಿ. ನೀವು ಲೇಔಟಲ್ಲಿ ಮನೆ ಕಟ್ಟಿ, ಬೆಳಗ್ಗೆ ವಾಕಿಂಗ್ ಬಂದು ನನ್ನ ಹೊಲದ ಫೋಟೋ ತೆಗೆದು "ಶಾಂತ ಪರಿಸರ" ಅಂತ ಹಾಕ್ತೀರ. ಆ ಶಾಂತಿಗೆ ದುಡ್ಡು ಕೊಡೋರು ಯಾರು?

ನಿಮ್ಮ ಲೇಔಟೂ ಹತ್ತು ವರ್ಷದ ಹಿಂದೆ ಯಾರದೋ ಹೊಲ. ಅವಾಗ ಬಯಲು ಜಾಗ ಉಳಿಸಿ ಅಂತ ಯಾರೂ ಬರಲಿಲ್ಲ.

ಕರಿಬೇವು
ಭಾನುವಾರ, 1:32

ಅಣ್ಣಾ, ನಿಮ್ಮ ಮಾತಲ್ಲಿ ನ್ಯಾಯ ಇದೆ. ಆದ್ರೆ ಇಲ್ಲಿ ಪ್ರಶ್ನೆ ರೈತರ ಜಮೀನಲ್ಲ, ಪಾರ್ಕ್ ಅಂತ ಹೇಳಿ ದುಡ್ಡು ಇಸ್ಕೊಂಡ ಜಾಗ.

ಮೂರೆಕ್ರೆ
ಭಾನುವಾರ, 1:40

ಎರಡೂ ಒಂದೇ ಕತೆ. ಗೋಮಾಳ ಹೋದಾಗ ಯಾರು ಮಾತಾಡಿದ್ರು?

ಹಳೇ ಪಹಣಿ
ಭಾನುವಾರ, 2:25

ಮೂರೆಕ್ರೆಯವರು ಗೋಮಾಳದ ಮಾತು ಎತ್ತಿದ್ದು ಒಳ್ಳೇದಾಯ್ತು. ಭೂಕಂದಾಯ ನಿಯಮದಲ್ಲಿ 100 ರಾಸುಗಳಿಗೆ 12 ಹೆಕ್ಟೇರ್, ಅಂದ್ರೆ ಸುಮಾರು 30 ಎಕರೆ ಗೋಮಾಳ ಇಡಬೇಕು ಅಂತ ಇದೆ. ನಿಯಮ ಒಳ್ಳೇದೇ. ಆದ್ರೆ ಅದರ ಬಾಲ ಕಚ್ಚೋದು ಹೀಗೆ: ಊರಲ್ಲಿ ದನ ಕಡಿಮೆಯಾದಷ್ಟೂ ಗೋಮಾಳ "ಹೆಚ್ಚುವರಿ" ಆಗುತ್ತೆ. ಹೆಚ್ಚುವರಿ ಆದದ್ದನ್ನ ಬೇರೆ ಉದ್ದೇಶಕ್ಕೆ ಕೊಡಬಹುದು. ಮೇಯೋಕೆ ಜಾಗ ಇಲ್ಲ ಅಂತ ದನ ಮಾರ್ತಾರೆ, ದನ ಇಲ್ಲ ಅಂತ ಜಾಗ ಹೋಗುತ್ತೆ. ನಾನು ಕೆಲಸದಲ್ಲಿದ್ದಾಗ ಜಾನುವಾರು ಗಣತಿ ಪಟ್ಟಿ ಎದುರಿಗಿಟ್ಕೊಂಡು ಈ ಲೆಕ್ಕ ಹಾಕಿ ಟಿಪ್ಪಣಿ ಬರೆದವನೇ. ಬರೆಯುವಾಗ ಏನೂ ಅನ್ನಿಸಲಿಲ್ಲ, ಈಗ ಅನ್ನಿಸ್ತಿದೆ.

ಖರಾಬು ಅನ್ನೋ ಪದಾನೂ ಅಷ್ಟೇ. ಪಹಣಿಯಲ್ಲಿ ಎ ಖರಾಬು, ಬಿ ಖರಾಬು ಅಂತ ಬರುತ್ತೆ. ಎ ಅಂದ್ರೆ ಹಿಡುವಳಿಯೊಳಗೆ ಸಾಗುವಳಿಗೆ ಬರದ ಜಾಗ, ಬಂಡೆ, ಕಣ ಇಂಥವು. ಬಿ ಅಂದ್ರೆ ದಾರಿ, ಹಳ್ಳ, ಕಾಲುವೆ, ಸಾರ್ವಜನಿಕರದ್ದು. ಲೇಔಟು ಮಾಡುವಾಗ ಬಿ ಖರಾಬನ್ನ ತಮ್ಮದೇ ಅಂತ ಸೇರಿಸಿ, ಅದರ ಮೇಲೆ ಪಾರ್ಕ್ ಅಂತ ಹಸಿರು ಬಳಿದು, ತಮ್ಮ ಪಾಲಿನ ಜಾಗ ಉಳಿಸ್ಕೊಳ್ಳೋರು ಇದಾರೆ. ಸರ್ಕಾರದ ಜಾಗವನ್ನ ಸರ್ಕಾರಕ್ಕೇ ದಾನ ಮಾಡಿದ ಹಾಗೆ.

ಬಫರ್‌ಬಾಧಿತ
ಭಾನುವಾರ, 3:50

ಕಾಲುವೆ ಮಾತು ಬಂತಲ್ಲ, ನನ್ನ ಗೋಳೂ ಕೇಳಿ. ಬೆಂಗಳೂರಲ್ಲಿ ಒಂದು ಸೈಟ್ ಇದೆ, ರಾಜಕಾಲುವೆ ಹತ್ರ. 2016ರ ಮೇನಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗೆ ದರ್ಜೆ ನೋಡಿ 50, 35, 25 ಮೀಟರ್ ಬಫರ್, ಅಂದ್ರೆ ಅಷ್ಟರೊಳಗೆ ಏನೂ ಕಟ್ಟಬಾರದು ಅಂದುಬಿಡ್ತು. ನನ್ನ ಸೈಟು ಪೂರ್ತಿ ಬಫರ್ ಒಳಗೆ. ಪ್ಲಾನ್ ಇಲ್ಲ, ಸಾಲ ಇಲ್ಲ, ಮಾರೋಣ ಅಂದ್ರೆ ಕೊಳ್ಳೋರಿಲ್ಲ. 2019ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದು ಹಾಕಿ ಹಳೇ ಮಾಸ್ಟರ್ ಪ್ಲಾನಿನ ಲೆಕ್ಕಕ್ಕೇ ಬಂತು, ಕೆರೆಗೆ 30 ಮೀಟರ್. ಮೂರು ವರ್ಷ ನಿದ್ದೆ ಮಾಡಿಲ್ಲ ನಾನು. ಪರಿಸರದವರು ಒಂದು ಗೆರೆ ಎಳೆಯೋದಕ್ಕೆ ಮುಂಚೆ ನಮ್ಮಂಥೋರನ್ನೂ ನೆನಪಿಟ್ಕೊಳ್ಳಿ.

ಮಳೆಮಾಪನ
ಭಾನುವಾರ, 4:05

ನಿಮ್ಮ ಕಷ್ಟ ಅರ್ಥ ಆಗತ್ತೆ. ಆದ್ರೆ ನೀರಿಗೆ ಸುಪ್ರೀಂ ಕೋರ್ಟ್ ಆದೇಶ ಓದೋಕೆ ಬರಲ್ಲ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ನೆರೆ ಬಂದು ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ, ಅವರನ್ನ ಕೇಳಿ.

ಬಫರ್‌ಬಾಧಿತ
ಭಾನುವಾರ, 4:09

ನನ್ನ ಸೈಟಿಗೆ ಇವತ್ತಿನವರೆಗೂ ನೀರು ಬಂದಿಲ್ಲ.

ಮಳೆಮಾಪನ
ಭಾನುವಾರ, 4:10

ಹಾಗಿದ್ರೆ ಬೇರೆಯವರ ಮನೆಗೆ ಹೋಗಿದೆ.

ಮೆಜೆಸ್ಟಿಕ್‌ಮಂಜ
ಭಾನುವಾರ, 5:30

ಬೆಂಗಳೂರಲ್ಲಿ ಇದೇನು ಹೊಸದಾ? ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕೆಂಪಾಂಬುಧಿ ಕೆರೆ ಅಲ್ವಾ?

ತೆಂಗಿನಗರಿ
ಭಾನುವಾರ, 5:36

ಧರ್ಮಾಂಬುಧಿ ಕಣಪ್ಪಾ. ಕೆಂಪಾಂಬುಧಿ ಇನ್ನೂ ಇದೆ, ಗವಿಪುರದ ಹತ್ರ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು. ಶೂಲೆ ಕೆರೆ ಫುಟ್‌ಬಾಲ್ ಸ್ಟೇಡಿಯಂ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ. ಚಲ್ಲಘಟ್ಟ ಕೆರೆ ಗಾಲ್ಫ್. ಕೋರಮಂಗಲದ್ದು ರಾಷ್ಟ್ರೀಯ ಕ್ರೀಡಾಗ್ರಾಮ.

ರಾಗಿಮುದ್ದೆ
ಭಾನುವಾರ, 5:38

ಇಷ್ಟೊಂದು ಕೆರೆ ನುಂಗಿ ಒಲಿಂಪಿಕ್ಸಲ್ಲಿ ಒಂದು ಚಿನ್ನ ಬರಲಿಲ್ವಲ್ಲ ಗುರೂ.

ಮೆಜೆಸ್ಟಿಕ್‌ಮಂಜ
ಭಾನುವಾರ, 5:41

ಈಜಿನಲ್ಲಾದ್ರೂ ಬರಬೇಕಿತ್ತು.

ನಿರ್ವಾಹಕ
ಭಾನುವಾರ, 6:00

ವಿಷಯಕ್ಕೆ ಬನ್ನಿ. ಕೆರೆ-ಕ್ರೀಡಾಂಗಣ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಇದೇ ಜೋಕು ಮೂರು ಸಲ ಬಂದಿದೆ.

ಕುಡ್ಲದ ಬಂಗುಡೆ
ಭಾನುವಾರ, 7:15

ಮಾರಾಯ್ರೆ, ನಿಮ್ಮಲ್ಲಿ ಪಾರ್ಕ್ ಆದ್ರೂ ನಕ್ಷೆಯಲ್ಲಿ ಉಂಟು. ನಮ್ಮಲ್ಲಿ ಗುಡ್ಡ ಅಗೆದು ಲೇಔಟ್ ಮಾಡುವುದು. ಮೇಲಿನ ಗುಡ್ಡ ಕಡಿದು ಕೆಳಗಿನ ಗದ್ದೆಗೆ ಹಾಕುವುದು. ಒಂದೇ ಲಾರಿ, ಎರಡು ಬದಿ ಲಾಭ. ಗದ್ದೆ ಅಂದ್ರೆ ಎಂತ, ಖಾಲಿ ಜಾಗವಾ? ಜೂನಲ್ಲಿ ನೀರು ನಿಲ್ಲುವುದೇ ಅಲ್ಲಿ. ಈಗ ನೀರು ನಿಲ್ಲುವುದು ನಮ್ಮ ಚಾವಡಿಯಲ್ಲಿ. ಪಾರ್ಕಿಗೆ ಟೈಲ್ಸ್ ಹಾಕಿದ ಮೇಲೆ ಮಳೆ ನೀರು ಎಲ್ಲಿ ಹೋಗಬೇಕು ಅಂತ ಒಬ್ಬರೂ ಕೇಳುವುದಿಲ್ಲ.

ಇಪ್ಪೆಮರ
ಭಾನುವಾರ, 9:05

ಬಂಗುಡೆಯವರು ಟೈಲ್ಸ್ ಅಂದದ್ದಕ್ಕೆ ಬರೀತಿದೀನಿ. 47 ಅವರೇ, ಆ 28 ಗುಂಟೆ ವಾಪಸ್ ಸಿಕ್ಕರೆ ಏನು ಮಾಡ್ತೀರ? ದಯವಿಟ್ಟು ಪೇವರ್, ಓಪನ್ ಜಿಮ್, ಸಿಮೆಂಟಿನ ಅಣಬೆ ಹಾಕಬೇಡಿ. 2021ರಲ್ಲಿ ಬೆಂಗಳೂರಿನ ತುರಹಳ್ಳಿ ಕಾಡಿಗಾಗಿ ಜನ ಬೀದಿಗೆ ಬಂದರಲ್ಲ, ಅದು ಯಾರೋ ಕಾಡು ಮಾರ್ತಿದ್ರು ಅಂತ ಅಲ್ಲ. ಟ್ರೀ ಪಾರ್ಕ್ ಮಾಡ್ತೀವಿ ಅಂದಿದ್ದಕ್ಕೆ! ಮರ ಇರೋ ಕಡೆ ಮರದ ಪಾರ್ಕ್ ಯಾಕೆ ಅಂತ ಜನ ಕೇಳಿದ್ರು. ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ಗುಂಡುತೋಪು ಅಂದ್ರೆ ಗೊತ್ತಲ್ಲ, ಊರೋರು ಸೇರಿ ನೆಟ್ಟದ್ದು. ಹುಣಸೆ, ಹೊಂಗೆ, ಇಪ್ಪೆ, ಮಾವು, ನೇರಳೆ. ದನ ನಿಲ್ಲೋಕೆ, ಸಂತೆಗೆ ಹೋಗೋರು ಬುತ್ತಿ ಬಿಚ್ಚೋಕೆ, ಜಾತ್ರೆಯಲ್ಲಿ ಗಾಡಿ ಬಿಡೋಕೆ. ದೇವನಹಳ್ಳಿ ಹತ್ರ ನಲ್ಲೂರಿನ ಹುಣಸೆ ತೋಪು ನೋಡಿದೀರಾ? ಸುಮಾರು 54 ಎಕರೆ. 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು ಅದು. ಪಶ್ಚಿಮಘಟ್ಟದ ಯಾವ ಕಾಡೂ ಅಲ್ಲ, ಹಳ್ಳಿಯ ಹುಣಸೆ ತೋಪು! ನಾನು ಹೋದಾಗ ಒಂದು ಮರದ ಬುಡದೊಳಗೆ ಮೇಕೆ ಮರಿ ಮಲಗಿತ್ತು. ಬುಡ ಅಷ್ಟು ಟೊಳ್ಳು, ಮೇಲೆ ನೋಡಿದ್ರೆ ಹೊಸ ಚಿಗುರು.

ಅಂದ ಹಾಗೆ ಆ ಎರಡು ಹೊಂಗೆ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ತೆಂಗು, ಸಿಲ್ವರ್ ಓಕ್ ಥರದ್ದಕ್ಕೆ ವಿನಾಯಿತಿ ಇದೆ. ಅನುಮತಿ ಇತ್ತಾ ಅಂತ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಕಾಂಡದ ಸುತ್ತಳತೆ ಟೇಪ್ ಹಿಡಿದು ಅಳೆದು ಫೋಟೋ ತೆಗೀರಿ. ರಾತ್ರೋರಾತ್ರಿ ಗರಗಸದ ಮಿಲ್ಲಿಗೆ ಹೋಗೋ ಮುಂಚೆ.

ಊರಹಬ್ಬ
ಭಾನುವಾರ, 9:20

ತೋಪಲ್ಲಿ ಮುನೇಶ್ವರ ಇದ್ರೆ ಒಂದು ಮರಾನೂ ಮುಟ್ತಿರಲಿಲ್ಲ. ನಾನು ಹೇಳಿದ್ದು ಅದೇ.

ಕಾಫಿಹೂ
ಭಾನುವಾರ, 9:44

ಕೊಡಗಿನಲ್ಲಿ ದೇವರಕಾಡು 1,214 ಅಂತ ಲೆಕ್ಕ. ಎಲ್ಲದರಲ್ಲೂ ದೇವರಿದ್ದಾರೆ. ಆದರೂ ಅಂಚಿನಿಂದ ಕಾಫಿ ಒಳಗೆ ಬಂದ ಕಡೆ ಬಂದೇ ಬಂತು. ದೇವರು ನಡುವೆ ಕೂತಿರ್ತಾರೆ, ಒತ್ತುವರಿ ಅಂಚಲ್ಲಿ ನಡೆಯುತ್ತೆ.

ಸೈಟ್‌ನಂಬರ್47
ಬುಧವಾರ, ರಾತ್ರಿ 9:15

ಮೂರು ದಿನ ಓಡಾಟ, ಇವತ್ತು ಸ್ವಲ್ಪ ಬಿಡುವು. ಒಂದೊಂದಾಗಿ ಹೇಳ್ತೀನಿ.

ಮಾಹಿತಿ ಹಕ್ಕು ಅರ್ಜಿ ಹಾಕಿದೆ. ಅದಕ್ಕೆ ಮುಂಚೆ ಉಪನೋಂದಣಿ ಕಚೇರಿಯಲ್ಲಿ ಹುಡುಕಿಸಿದ್ದಕ್ಕೆ ಡೀಡ್ ಸಿಕ್ತು! ನೋಂದಣಿ ಆಗಿದೆ, 49 ಗುಂಟೆಯೂ ಇದೆ. ಪಹಣಿ ಸಾರ್ ಹೇಳಿದ ಹಾಗೇ ಪಂಚಾಯಿತಿ ರಿಜಿಸ್ಟರ್‌ನಲ್ಲಿ ಮಾತ್ರ ಇನ್ನೂ ಹಳೇ ಹೆಸರು.

ಆಮೇಲೆ ದಿಶಾಂಕ್ ಆ್ಯಪ್ ಹಾಕ್ಕೊಂಡೆ. ಫೋನ್ ಹಿಡ್ಕೊಂಡು ಆ ಜಾಗದ ಮೇಲೆ ನಡೆದ್ರೆ ನಾವು ನಿಂತಿರೋ ಸರ್ವೆ ನಂಬರ್ ತೋರಿಸತ್ತೆ. ಲೇಔಟ್ ಕಡೆಯಿಂದ ತೋಪಿನ ಕಡೆ ನಡೀತಾ ಹೋದೆ. ತೋಪು ಇನ್ನೂ ಇಪ್ಪತ್ತು ಹೆಜ್ಜೆ ಇದೆ ಅನ್ನೋವಾಗಲೇ ನಂಬರ್ ಬದಲಾಯ್ತು. ವಾಪಸ್ ಬಂದೆ, ಮತ್ತೆ ಹೋದೆ. ಅದೇ ಜಾಗ. ಆ್ಯಪ್ ಸ್ವಲ್ಪ ಆಚೀಚೆ ತೋರಿಸತ್ತೆ ಅಂತ ಗೊತ್ತು, ಆದ್ರೆ ಇಪ್ಪತ್ತು ಹೆಜ್ಜೆ?

ಹಳ್ಳಿಯ ಒಬ್ಬ ಅಜ್ಜಿ ಮೇಕೆ ಮೇಯಿಸ್ತಿದ್ರು. "ಏನಪ್ಪಾ ಹುಡುಕ್ತೀಯ, ಬಾಂದು ಕಲ್ಲಾ?" ಅಂದ್ರು, ಅಂದ್ರೆ ಗಡಿ ಕಲ್ಲು. ಕೋಲಲ್ಲಿ ಜೆಸಿಬಿ ತಳ್ಳಿದ ಮಣ್ಣುಗುಡ್ಡೆ ತೋರಿಸಿದ್ರು. ಲಂಟಾನದ ಬೇರಿನ ಜೊತೆ ಕಲ್ಲು ಬಿದ್ದಿತ್ತು. ಮೊಳ ಉದ್ದ, ಒಂದು ತುದಿಗೆ ಮಣ್ಣಿನ ಕಲೆ, ಇನ್ನೊಂದು ತುದಿಗೆ ಬಿಳಿ ಕಲ್ಲುಹೂವು. ಮಣ್ಣೊಳಗೆ ಎಷ್ಟಿತ್ತು, ಹೊರಗೆ ಎಷ್ಟಿತ್ತು ಅಂತ ಕಲ್ಲಿನ ಮೇಲೇ ಗೊತ್ತಾಗತ್ತೆ.

ತೋಪಿನ ಪಹಣಿ ತೆಗೆಸಿದೆ. ಸರ್ಕಾರಿ ಗುಂಡುತೋಪು, 1 ಎಕರೆ 32 ಗುಂಟೆ. ಈಗ ಮರ ಇರೋ ಜಾಗ ಅಂದಾಜಿಗೆ ಅಳೆದ್ರೆ 61 ಗುಂಟೆ. ಮಿಕ್ಕ 11 ಗುಂಟೆ ಎಲ್ಲಿ ಅಂತ ನೀವೇ ಹೇಳಿ.

ಹಳೇ ಪಹಣಿ
ಬುಧವಾರ, 9:40

ನಿಮ್ಮ ಪಾರ್ಕಿನೊಳಗೆ. 1 ಎಕರೆ 32 ಅಂದ್ರೆ 72 ಗುಂಟೆ, 61 ಕಳೆದ್ರೆ 11. ನಾನು ಭಾನುವಾರವೇ ಅನುಮಾನಪಟ್ಟಿದ್ದೆ. ಆ ಕಲ್ಲನ್ನ ಯಾರೂ ಮುಟ್ಟಬೇಡಿ, ಎತ್ತಿ ನಿಲ್ಲಿಸೋಕೂ ಹೋಗಬೇಡಿ. ಬಿದ್ದ ಜಾಗದಲ್ಲೇ ಫೋಟೋ.

ತಹಶೀಲ್ದಾರ್‌ಗೆ ಬರೆದು ಹದ್ದುಬಸ್ತು, ಅಂದ್ರೆ ಗಡಿ ಗುರುತಿಸೋ ಅಳತೆ ಕೇಳಿ. ಸರ್ಕಾರಿ ಜಮೀನು ಒತ್ತುವರಿಗೆ 2011ರ ಭೂಕಬಳಿಕೆ ನಿಷೇಧ ಕಾಯ್ದೆ ಇದೆ, ಬೆಂಗಳೂರಲ್ಲಿ ವಿಶೇಷ ನ್ಯಾಯಾಲಯವೂ ಇದೆ. ಅದೆಲ್ಲ ಆಮೇಲೆ. ಮೊದಲು ಅಳತೆ.

ಕೋರ್ಟುಕಚೇರಿ
ಬುಧವಾರ, 9:52

ಅದೇ 2011ರ ಜನವರಿಯ ಜಗಪಾಲ್ ಸಿಂಗ್ ಕೇಸೂ ಅರ್ಜಿಯಲ್ಲಿ ಸೇರಿಸಿ. ಪಂಜಾಬಿನ ಒಂದು ಹಳ್ಳಿಯ ಕೊಳದ ಒತ್ತುವರಿ. ಹಳ್ಳಿಯ ಸಾಮುದಾಯಿಕ ಜಾಗಗಳ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ. ಎಷ್ಟೋ ವರ್ಷದಿಂದ ಇದೆ, ದುಡ್ಡು ಖರ್ಚು ಮಾಡಿ ಕಟ್ಟಿದೀವಿ ಅನ್ನೋದು ಸಬೂಬಾಗಲ್ಲ ಅಂತಲೂ ಅದರಲ್ಲಿದೆ.

ಮೂರೆಕ್ರೆ
ಬುಧವಾರ, 10:05

47 ಅವರೇ, ಈಗ ಒಂದು ಪ್ರಶ್ನೆ. ಆ 11 ಗುಂಟೆ ತೋಪಿಗೆ ವಾಪಸ್ ಹೋದ್ರೆ ನಿಮ್ಮ ಪಾರ್ಕ್ 17 ಗುಂಟೆಗೆ ಇಳಿಯತ್ತೆ. ಆವಾಗಲೂ ಅಳತೆ ಬೇಕು ಅಂತೀರಾ? ನಿಜ ಹೇಳಿ.

ಸೈಟ್‌ನಂಬರ್47
ಬುಧವಾರ, 10:31

ಇದನ್ನೇ ಎರಡು ದಿನದಿಂದ ಮನೆಯಲ್ಲಿ ಮಾತಾಡ್ತಾ ಇದೀವಿ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಯುದ್ಧ. ಅರ್ಧ ಜನ "ತೋಪಿನ ವಿಷಯ ಎತ್ತಬೇಡಿ, ಪಾರ್ಕ್ ಮಾತ್ರ ಕೇಳೋಣ" ಅಂತಾರೆ. ಇನ್ನೊಂದು ಇವತ್ತು ಗೊತ್ತಾಯ್ತು, ನಮ್ಮ ಸಂಘದ ಪದಾಧಿಕಾರಿ ಒಬ್ಬರೇ 203ನೇ ನಂಬರ್‌ಗೆ ಅಡ್ವಾನ್ಸ್ ಕೊಟ್ಟಿದಾರೆ, ಹಳೇ ನಿವಾಸಿ ಅಂತ ರಿಯಾಯಿತಿ ಬೇರೆ. ಶುಕ್ರವಾರದಿಂದ ಅವರು ನನ್ನ ಫೋನ್ ಯಾಕೆ ಎತ್ತಲಿಲ್ಲ ಅನ್ನೋದು ಈಗ ತಿಳೀತು. ಇಲ್ಲಿ ಚದರಡಿ ಎರಡು ಸಾವಿರ. 28 ಗುಂಟೆ ಅಂದ್ರೆ 30,492 ಚದರಡಿ. ಆರು ಕೋಟಿ. ನಾನು ಮಕ್ಕಳ ಕ್ರಿಕೆಟ್ ಅಂತ ಬರೆದಿದ್ದೆ, ನಗು ಬರ್ತಿದೆ.

ಮೂರೆಕ್ರೆ ಅಣ್ಣಾ, ನಿಮ್ಮ ಪ್ರಶ್ನೆಗೆ: ಹದ್ದುಬಸ್ತಿಗೆ ಅರ್ಜಿ ಮಂಗಳವಾರವೇ ಕೊಟ್ಟೆ. ಕೊಡುವಾಗ ಕೈ ನಡುಗಿದ್ದು ಹೌದು. ಅಜ್ಜಿ ಕಲ್ಲು ತೋರಿಸಿದ ಮೇಲೆ ನನಗೆ ಗೊತ್ತೇ ಇಲ್ಲ ಅಂತ ಇರೋಕೆ ಆಗಲಿಲ್ಲ. ಅವರು ಹೋಗ್ತಾ ಇನ್ನೊಂದು ಮಾತು ಹೇಳಿದ್ರು, "ನಿಮ್ಮ ಮನೆ ಇರೋ ಕಡೆ ನಾವು ಹುರುಳಿ ಬಿತ್ತಾ ಇದ್ವಿ." ಬೈದು ಹೇಳಿದ್ದಲ್ಲ, ಸುಮ್ಮನೆ.

ಮೂರೆಕ್ರೆ
ಬುಧವಾರ, 10:40

ಸರಿ. ಅಳತೆ ದಿನ ಹೇಳಿ, ನಾನೂ ಬರ್ತೀನಿ. ನನ್ನೂರು ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಇರಬಹುದು.

ಧಾರ್ವಾಡದಾಂವ
ಬುಧವಾರ, 10:44

ನಾನೂ ಬರ್ತಿದ್ದೆ, ಬಾಳ ದೂರ ಆಕ್ಕೈತಿ. ಫೇಡಾ ಕಳಸ್ತೇನಿ.

ಇಪ್ಪೆಮರ
ಬುಧವಾರ, 10:50

ಬಿದ್ದ ಹೊಂಗೆ ಎರಡೂ ಪೂರ್ತಿ ಒಣಗಿಲ್ಲದಿದ್ರೆ ಬೇರಿಗೆ ಮಣ್ಣು ಮುಚ್ಚಿ ನೀರು ಹಾಕ್ತಾ ಇರಿ. ಹೊಂಗೆ ಗಟ್ಟಿ ಮರ. ಬುಡದಿಂದ ಚಿಗುರಿದ್ದು ನೋಡಿದೀನಿ.

ಸೈಟ್‌ನಂಬರ್47
ಶನಿವಾರ, ಬೆಳಗ್ಗೆ 7:20

ಸರ್ವೇಯರ್ ಫೋನ್ ಮಾಡಿದ್ರು. ಸೋಮವಾರ 11 ಗಂಟೆಗೆ ರೋವರ್ (ಉಪಗ್ರಹದ ಸಿಗ್ನಲ್ ಹಿಡಿದು ಅಳೆಯೋ ಉಪಕರಣ) ತಗೊಂಡು ಬರ್ತಾರಂತೆ. ಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿದೆ, ಡೆವಲಪರ್ ಕಡೆಯವರಿಗೂ. ಜೆಸಿಬಿ ಗುರುವಾರದಿಂದ ಕಾಣ್ತಿಲ್ಲ. ಸುಣ್ಣದ ಗೆರೆ ನಿನ್ನೆ ಮಳೆಗೆ ಮುಕ್ಕಾಲು ಹೋಗಿದೆ, 203 ಮಾತ್ರ ಚೆನ್ನಾಗಿ ಕಾಣತ್ತೆ!

ಪಹಣಿ ಸಾರ್, ನೀವು ಬರೋಕಾಗತ್ತಾ? ಅಲ್ಲಿ ಅವರು ಏನಾದ್ರೂ ಪದ ಹೇಳಿದ್ರೆ ನನಗೆ ಅರ್ಥ ಆಗಲ್ಲ.

ಹಳೇ ಪಹಣಿ
ಶನಿವಾರ, 8:02

ಬರ್ತೀನಿ. ತುಮಕೂರು ಬಸ್ಸಿಗೆ ಹತ್ತಿದ ಮೇಲೆ ಎಲ್ಲಿ ಇಳೀಬೇಕು ಅಂತ ಖಾಸಗಿ ಸಂದೇಶದಲ್ಲಿ ಹಾಕಿ. ಗ್ರಾಮ ನಕ್ಷೆಯ ಪ್ರತಿ ಎರಡು ಮಾಡಿಸಿ, ಒಂದು ಮಡಚದೆ ಇರೋದು. ಪಂಚನಾಮೆಗೆ ಹಳ್ಳಿಯವರ ಸಹಿ ಬೇಕಾಗುತ್ತೆ, ಆ ಅಜ್ಜಿಯನ್ನ ಕರೆಯೋಕೆ ಮರೀಬೇಡಿ.

ರಾಗಿಮುದ್ದೆ
ಶನಿವಾರ, 8:10

11 ಗಂಟೆ ಅಂದ್ರೆ ಒಂದು ಗಂಟೆಗೆ ಬರ್ತಾರೆ. ಚಿತ್ರಾನ್ನ ಕಟ್ಕೊಂಡು ಹೋಗಿ, ತೋಪಲ್ಲಿ ನೆರಳಿದೆಯಲ್ಲ.